ಊರ ಗಡಿ ಮೀರಿದ ಪಾರ್ಕು

ಮೆರ್ಲೋ ರೋಡ್ ನಿಲ್ದಾಣದಲ್ಲಿ ಮ್ಯಾಕ್ಸ್ ರೈಲಿನಿಂದ ಇಳಿದರೆ ಎದುರಿಗೇ ಕಾಡು. ಒಂದು ಮಗ್ಗುಲಿಗೆ ಕಚೇರಿ, ಗೋದಾಮು, ಬಸ್ಸಿನ ಡಿಪೋ. ಇನ್ನೊಂದು ಮಗ್ಗುಲಿಗೆ ಮುಗಿಲಿಗೆ ನೆಟ್ಟಗೆ ಎದ್ದ ಡಗ್ಲಸ್ ಫರ್, ಸೀಡರ್ ಮರಗಳು. ಅಮೆರಿಕದ ಒರೆಗಾನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್ ನಗರದ ಪಶ್ಚಿಮಕ್ಕಿರುವ ಉಪನಗರ ಬೀವರ್ಟನ್. ಅದರ ನಟ್ಟನಡುವೆ 222 ಎಕರೆ ಹರಡಿಕೊಂಡಿದೆ ಟುವಾಲಟಿನ್ ಹಿಲ್ಸ್ ನೇಚರ್ ಪಾರ್ಕ್. ಇಲ್ಲಿನ ರೈಲು ಮಾರ್ಗವೂ ಈ ಪಾರ್ಕೂ ಜನರಿಗೆ ತೆರೆದುಕೊಂಡದ್ದು ಒಂದೇ ವರ್ಷ, 1998ರಲ್ಲಿ.

ಇಲ್ಲಿಗೆ ಮಳೆಗಾಲದಲ್ಲೇ ಹೋಗಬೇಕು. ಅಂದರೆ ಅಕ್ಟೋಬರಿನಿಂದ ಆಚೆಗೆ. ಜಿಟಿಜಿಟಿ ಮಳೆ ಬಿಡುವುದೇ ಇಲ್ಲ. ಮರದ ಬೊಡ್ಡೆಗಳಿಗೆಲ್ಲ ಪಾಚಿ ಮೆತ್ತಿರುತ್ತದೆ. ಕಾಲುದಾರಿಯ ಮೇಲೆ ಗೇಣುದ್ದವೂ ಇಲ್ಲದ ಕಂದು ಪ್ರಾಣಿಯೊಂದು ನಿಧಾನವಾಗಿ ದಾಟುತ್ತಿರುತ್ತದೆ. ನೋಡಲು ಹಲ್ಲಿ, ಕುಲದಲ್ಲಿ ಕಪ್ಪೆಯ ಬಳಗ; ಹೆಸರು ನ್ಯೂಟ್. ಹೆದರಿತೋ, ತಲೆಯನ್ನೂ ಬಾಲವನ್ನೂ ಮೇಲಕ್ಕೆ ಬಾಗಿಸಿ ಕಿತ್ತಳೆ ಬಣ್ಣದ ಹೊಟ್ಟೆ ತೋರಿಸುತ್ತದೆ. ಅದರ ಚರ್ಮದಲ್ಲಿ ಮನುಷ್ಯನನ್ನೂ ಕೊಲ್ಲಬಲ್ಲ ವಿಷವಿದೆ. ಆದ್ದರಿಂದಲೇ ಅದಕ್ಕೆ ಅವಸರವಿಲ್ಲ. ನೆಲ ನೋಡಿಕೊಂಡು ನಡೆಯಬೇಕಾದವರು ನಾವು.

ಈ ಕಾಡಿನ ಒಡೆತನ ಬೀವರ್ಟನ್ ನಗರಸಭೆಯದಲ್ಲ, ಸರ್ಕಾರದ ಅರಣ್ಯ ಇಲಾಖೆಯದೂ ಅಲ್ಲ. ಅದು ಟುವಾಲಟಿನ್ ಹಿಲ್ಸ್ ಪಾರ್ಕ್ ಅಂಡ್ ರಿಕ್ರಿಯೇಷನ್ ಡಿಸ್ಟ್ರಿಕ್ಟ್ ಎಂಬ ಸ್ವತಂತ್ರ ಸಂಸ್ಥೆಯದು. 1950ರಲ್ಲಿ ಬೀವರ್ಟನ್ ಎರಡೂವರೆ ಸಾವಿರ ಜನರ ಪುಟ್ಟ ಊರು. ಎರಡನೇ ಮಹಾಯುದ್ಧ ಮುಗಿದು ಜನ ಪಶ್ಚಿಮಕ್ಕೆ ಸರಿಯತೊಡಗಿದಾಗ ಸುತ್ತಲಿನ ಹೊಲಗಳಲ್ಲೆಲ್ಲ ಬಡಾವಣೆ ಎದ್ದವು. ಹೆಚ್ಚಿನವು ನಗರದ ಗಡಿಯ ಹೊರಗೆ. ಮನೆ ಬಂತು, ರಸ್ತೆ ಬಂತು, ಮಕ್ಕಳಂತೂ ಬೇಕಾದಷ್ಟು. ಆಡಲು ಜಾಗ ಕೊಡುವವರಿಲ್ಲ. ಎಲ್ಸೀ ಸ್ಟೂರ್ ಎಂಬ ಮಹಿಳೆ ನೆರೆಹೊರೆಯವರನ್ನು ಕೂಡಿಸಿಕೊಂಡು ಮನೆಮನೆಗೂ ವಿಷಯ ಮುಟ್ಟಿಸಿದರು. 1955ರಲ್ಲಿ ಮತದಾರರು ಒಪ್ಪಿದರು, ಡಿಸ್ಟ್ರಿಕ್ಟ್ ಹುಟ್ಟಿತು. ಇಂದು ಅದರ ವ್ಯಾಪ್ತಿ ಸುಮಾರು 50 ಚದರ ಮೈಲಿ, ಬೀವರ್ಟನ್ ನಗರದ ಎರಡು ಪಟ್ಟಿಗಿಂತ ಹೆಚ್ಚು. ಐವತ್ತೈದು ದಾಟಿದವರಿಗಾಗಿ ಇರುವ ಕೇಂದ್ರಕ್ಕೆ ಎಲ್ಸೀ ಅವರ ಹೆಸರನ್ನೇ ಇಟ್ಟಿದ್ದಾರೆ.

ಜನ ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡರು ಎಂಬುದೇ ಈ ಕಥೆಯ ತಿರುಳು. ಮನೆಯ ತೆರಿಗೆ ಮೌಲ್ಯದ ಪ್ರತಿ 1000 ಡಾಲರಿಗೆ ಸುಮಾರು 1 ಡಾಲರ್ 31 ಸೆಂಟ್ ನೇರ ಪಾರ್ಕಿಗೆ ಹೋಗುತ್ತದೆ. ಆ ಹಣ ನಗರಸಭೆಯ ಚರಂಡಿಗೋ ಪೊಲೀಸರಿಗೋ ಹೋಗುವಂತಿಲ್ಲ. ಖರ್ಚಿನ ಲೆಕ್ಕ ಕೇಳಲು ಜನರೇ ಆರಿಸಿದ ಐವರ ಮಂಡಳಿ. 2008ರ ನವೆಂಬರಿನಲ್ಲಿ, ಬ್ಯಾಂಕುಗಳು ಮುಳುಗುತ್ತಿದ್ದ ಹೊತ್ತಿನಲ್ಲೇ, ಇದೇ ಮತದಾರರು ಪಾರ್ಕುಗಳಿಗಾಗಿ 10 ಕೋಟಿ ಡಾಲರಿನ ಸಾಲದ ಬಾಂಡಿಗೆ ಹೂಂ ಅಂದರು. ಪಾರ್ಕು ಮನೆಯ ಬೆಲೆ ಏರಿಸುತ್ತದೆಂಬ ಲೆಕ್ಕಾಚಾರವೂ ಅದರಲ್ಲಿ ಸೇರಿರಬಹುದು. ಇರಲಿ, ಸ್ವಾರ್ಥದಿಂದ ಮರ ಉಳಿದರೂ ಉಳಿದದ್ದು ಮರವೇ.

ಹಳೆಯದನ್ನು ಎಸೆಯದೆ ಬಳಸುವುದರಲ್ಲಿ ಇವರು ಜಾಣರು. ಗಾರ್ಡನ್ ಹೋಮ್ ಎಂಬ ಬಡಾವಣೆಯಲ್ಲಿ ಶಾಲೆಯೊಂದು ಮುಚ್ಚಿತು. ಅದರ ಕೊಠಡಿಗಳೇ ಈಗ ಜಿಮ್ಮು, ಚಿತ್ರಕಲೆಯ ತರಗತಿ. ಅಲ್ಲೇ ಹತ್ತಿರದಲ್ಲಿ ಹಳಿ ಕಿತ್ತುಹೋದ ಒರೆಗಾನ್ ಎಲೆಕ್ಟ್ರಿಕ್ ರೈಲಿನ ಹಾದಿ ಫ್ಯಾನೋ ಕ್ರೀಕ್ ಕಾಲುದಾರಿಯಾಯಿತು. 1912ರ ಹೊತ್ತಿಗೆ ಕುದುರೆಪ್ರಿಯೆ ಬೆಲ್ ಜೆಂಕಿನ್ಸ್ ಮತ್ತು ಅವರ ಗಂಡ ಕಟ್ಟಿಸಿದ 68 ಎಕರೆಯ ತೋಟದ ಬಂಗಲೆಯೂ ಡಿಸ್ಟ್ರಿಕ್ಟಿನ ಪಾಲಿಗೆ ಬಂತು. ಈಗ ಅಲ್ಲಿ ಮದುವೆಗಳು ನಡೆಯುತ್ತವೆ.

ಪಕ್ಕದ ಹಿಲ್ಸ್‌ಬರೊದ ಇಂಟೆಲ್‌ನಿಂದಾಗಿ ಇಲ್ಲಿ ಕನ್ನಡದ ಮನೆಗಳೂ ಇವೆ. ಮಗನ ಮನೆಗೋ ಮಗಳ ಬಾಣಂತನಕ್ಕೋ ಆ ಕಡೆ ಹೋಗುವವರಿದ್ದರೆ ಮೆರ್ಲೋ ರೋಡಿನಲ್ಲಿ ಇಳಿದು ನೋಡಿ. ಟಿಕೆಟ್ಟಿಲ್ಲ. ನಾಯಿಗೆ ಪ್ರವೇಶವಿಲ್ಲ. ಕೊಡೆ ಇರಲಿ, ನ್ಯೂಟನ್ನು ಮಾತ್ರ ಮುಟ್ಟಬೇಡಿ.