ಗಜನಿ ಏರಿಯ ಮೇಲೊಂದು ಹಗಲು

ಉತ್ತರ ಕನ್ನಡದ ಅಘನಾಶಿನಿ ಹೊಳೆಯ ಅಳಿವೆಯನ್ನು ನಡೆದೇ ನೋಡಬೇಕು. ತದಡಿ ಧಕ್ಕೆಯಲ್ಲಿ ತಾರಿ ಹತ್ತಿ ಆಚೆ ದಡದ ಅಘನಾಶಿನಿ ಊರಲ್ಲಿ ಇಳಿದರೆ, ಅಲ್ಲಿಂದ ಊರೊಳಗಿನ ಓಣಿ, ಗಜನಿ ಎನ್ನುವ ಉಪ್ಪುನೀರಿನ ತಗ್ಗು ಗದ್ದೆಗಳ ಏರಿಗಳನ್ನು ಹಿಡಿದು ಮಾಣಿಕಟ್ಟಾ, ಹೆಗಡೆಯತ್ತ ಗುಂಪಾಗಿ ಸಾಗಲು ಒಂದು ಹಗಲು ಬೇಕು. ಏರಿ ಕಿರಿದು, ಒಬ್ಬರ ಹಿಂದೊಬ್ಬರು ನಡೆಯಬೇಕು. ಒಂದು ಮಗ್ಗುಲಿಗೆ ಕಾಂಡ್ಲಾ ಗಿಡಗಳ ಕೆಸರು, ಇನ್ನೊಂದು ಮಗ್ಗುಲಿಗೆ ಗದ್ದೆ.

ಶಿರಸಿ ಸೀಮೆಯಲ್ಲಿ ಹುಟ್ಟುವ ಈ ಹೊಳೆ ಒಂದೂ ಅಣೆಕಟ್ಟಿಲ್ಲದೆ ಕಡಲು ಸೇರುತ್ತದೆ. 2024ರಲ್ಲಿ ಇದರ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಹತ್ತಿರದಲ್ಲೇ ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದ ಮಿರ್ಜಾನ ಕೋಟೆಯಿದೆ. ಆ ರಾಣಿಯ ಕಥೆ ಬಹಳ ಮಂದಿಗೆ ಗೊತ್ತು. ನಾನು ಹೋದದ್ದು ಕಗ್ಗ ಭತ್ತಕ್ಕಾಗಿ.

ಕಗ್ಗ ಉಪ್ಪುನೀರನ್ನು ತಾಳಿಕೊಳ್ಳುವ ಭತ್ತ. ಮಳೆ ಬಿದ್ದು ಗದ್ದೆಯ ಉಪ್ಪು ಇಳಿದ ಮೇಲೆ ಮೊಳಕೆ ಬರಿಸಿದ ಬೀಜ ಚೆಲ್ಲುತ್ತಾರೆ. ಗೊಬ್ಬರವಿಲ್ಲ, ಔಷಧವಿಲ್ಲ. ನೆರೆ ಏರಿದರೆ ಕೆಲವು ದಿನ ಮುಳುಗಿಯೂ ಉಳಿಯುತ್ತದೆ. ನಾವು ಹೋದಾಗ ಕೊಯ್ಲು. ಮೊಣಕಾಲು ನೀರಲ್ಲಿ ನಿಂತ ಅಜ್ಜನೊಬ್ಬರು ಎಡಗೈಯಲ್ಲಿ ತೆನೆಗಳನ್ನು ಒಟ್ಟುಗೂಡಿಸಿ ಹಿಡಿದು, ಕುತ್ತಿಗೆಯ ಬಳಿ ಮಾತ್ರ ಕತ್ತಿಯಾಡಿಸುತ್ತಿದ್ದರು. ಎದೆಯೆತ್ತರದ ದಂಟು ಹಾಗೇ ನಿಂತಿತ್ತು.

"ಹುಲ್ಲು ಯಾಕೆ ಬಿಟ್ರಿ ಅಜ್ಜಾ?" ಎಂದು ತಂಡದ ಹುಡುಗ ಕೇಳಿದ.

"ನಮ್ಗೆ ತೆನೆ ಸಾಕು ತಮಾ. ಉಳದದ್ದು ಮೀನಿಗೆ."

ಕೊಯ್ಲು ಮುಗಿದ ಮೇಲೆ ಏರಿಯ ಹಲಗೆ ಬಾಗಿಲು ತೆರೆದು ಭರತದ ನೀರನ್ನು ಒಳಗೆ ಬಿಡುತ್ತಾರೆ. ನಿಂತ ದಂಟು ಕೊಳೆತು ಮೀನು, ಸಿಗಡಿಗಳಿಗೆ ಮೇವಾಗುತ್ತದೆ, ಹಕ್ಕಿಗಳೂ ಇಳಿಯುತ್ತವೆ. ಮರುವರ್ಷದ ಭತ್ತಕ್ಕೆ ಅದೇ ಗೊಬ್ಬರ. ಒಂದೇ ಗದ್ದೆಯಲ್ಲಿ ಮಳೆಗಾಲಕ್ಕೆ ಅನ್ನ, ಬೇಸಿಗೆಗೆ ಮೀನು. ಇಷ್ಟು ಅಚ್ಚುಕಟ್ಟಾದ ಬೇಸಾಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮಧ್ಯಾಹ್ನದ ಇಳಿತಕ್ಕೆ ಹೆಂಗಸರು ಹೊಳೆಗಿಳಿದು, ಕಾಲಲ್ಲೇ ತಡವಿ ಬಳಚು ಎಂಬ ಚಿಪ್ಪಿಮೀನು ಹೆಕ್ಕುತ್ತಿದ್ದರು. ಅವರ ಬದುಕಿಗೆ ಇನ್ನೊಂದು ಲೇಖನವೇ ಬೇಕು.

ಗಜನಿಯ ಈ ಬೇಸಾಯವನ್ನು ಕಾಯುವ ಏರಿ ಮಣ್ಣಿನದು. ಅದು ಒಡೆದರೆ ಅಕಾಲದಲ್ಲಿ ಉಪ್ಪುನೀರು ನುಗ್ಗುತ್ತದೆ, ಕಗ್ಗವೂ ತಡೆಯಲಾರದು. ಹಿಂದೆ ಊರೆಲ್ಲ ಕೂಡಿ ಏರಿ ಕಟ್ಟುತ್ತಿದ್ದರು. 1990ರ ದಶಕದಲ್ಲಿ ಸಿಗಡಿ ಕೃಷಿಯ ಲಾಭ ಕಂಡ ಮೇಲೆ ಅನೇಕ ಗಜನಿಗಳಲ್ಲಿ ಭತ್ತ ನಿಂತೇಹೋಯಿತು. ಇದ್ದ ಗದ್ದೆಗೂ ಈಗ ಕೆಸರಿಗಿಳಿಯುವ ಆಳು ಸಿಗುವುದಿಲ್ಲ. ಅಜ್ಜನ ಮಕ್ಕಳಿಬ್ಬರೂ ಪೇಟೆಯಲ್ಲಿದ್ದಾರೆ. ಹೊಸ ಏರಿಗಳಿಗೆ ಸರ್ಕಾರ ಹಣ ಕೊಡುವುದಾದರೆ, ಅವುಗಳೊಳಗೆ ಭತ್ತ ಬೆಳೆಯುವವರಿಗೂ ಏನಾದರೂ ಕೊಡಬೇಕು.

ಈ ಹಾದಿ ಹಿಡಿಯುವವರು ಭರತ-ಇಳಿತದ ಹೊತ್ತನ್ನು ಊರವರಲ್ಲಿ ಕೇಳಿಕೊಂಡೇ ಹೊರಡಿ. ಏರಿಯ ಅಂಚು ತುಳಿಯಬೇಡಿ, ಒಂದು ಹೆಜ್ಜೆಗೆ ಕುಸಿದ ಮಣ್ಣನ್ನು ಮತ್ತೆ ಹೊರಬೇಕಾದವರು ಊರವರೇ. ಕಗ್ಗದ ಅಕ್ಕಿ ಸಿಕ್ಕರೆ ಬೆಳೆದವರಿಂದಲೇ ಕೊಳ್ಳಿ, ಚೌಕಾಸಿ ಬೇಡ.