ಪಿಸ್ತೂಲು ಕೊಟ್ಟು ರಿವಾಲ್ವರ್ ಕೊಳ್ಳುವ ಮುನ್ನ

ಆಯುಧ ಬದಲಿಸುವ ಮಾತು ಬಂದಾಗ ಎಲ್ಲರೂ ಮೊದಲು ಕೇಳುವುದು ಗುಂಡಿನ ಗಾತ್ರವನ್ನು. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ.

ಕಮಲಾಪುರದಿಂದ ಕಂಪ್ಲಿಯತ್ತ ಹೋಗುವ ದಾರಿಯಲ್ಲಿದೆ ಬುಕ್ಕಸಾಗರ. ಒಂದು ಮಗ್ಗುಲಲ್ಲಿ ತುಂಗಭದ್ರೆ, ಇನ್ನೊಂದು ಮಗ್ಗುಲಲ್ಲಿ ಬಂಡೆಗುಡ್ಡಗಳು, ನಡುವೆ ಅರಸರ ಕಾಲದ ಕಾಲುವೆ ನೀರಿನಲ್ಲಿ ಬೆಳೆಯುವ ಬಾಳೆ, ಭತ್ತ, ಕಬ್ಬು. ಇಲ್ಲಿ ರಾತ್ರಿ ನೀರು ಕಟ್ಟಲು ಹೋಗುವವರಿಗೆ ಹಂದಿ, ಕರಡಿ, ಚಿರತೆಗಳ ಭಯ ಇದ್ದದ್ದೇ. ಹೊಸಪೇಟೆ, ಸಂಡೂರು, ಕಂಪ್ಲಿಯ ಸುತ್ತ ಲೈಸೆನ್ಸ್ ಪಡೆದು ಆಯುಧ ಇಟ್ಟುಕೊಂಡವರು ಹೆಚ್ಚಾಗಿ ಎರಡು ಬಗೆಯವರು. ಬೆಳೆ ಕಾಯಲು 12 ಬೋರಿನ ಬಂದೂಕು ಇಟ್ಟವರು ಒಂದು ಕಡೆ, ಪ್ರಾಣರಕ್ಷಣೆಗೆಂದು ಕೈಬಂದೂಕು ಇಟ್ಟವರು ಇನ್ನೊಂದು ಕಡೆ. ಈ ಎರಡನೆಯವರ ನಡುವೆ ಆಗಾಗ ಏಳುವ ಮಾತೊಂದಿದೆ: ‘ಈ ಆಟೊಮ್ಯಾಟಿಕ್ ಪಿಸ್ತೂಲು ಕೊಟ್ಟು, ಹಳೇ ಕಾಲದ್ದು ಒಂದು ದೊಡ್ಡ ಬೋರಿನ ರಿವಾಲ್ವರ್ ತಗೊಂಡ್ರೆ ಹೆಂಗೆ?’

ಈ ಆಸೆಯನ್ನು ಹಳೆಯದರ ಮೋಹ ಎಂದು ತಳ್ಳಿಹಾಕುವಂತಿಲ್ಲ. ಅದರಲ್ಲಿ ಅರ್ಧ ವಿವೇಕವಿದೆ, ಅರ್ಧ ಭ್ರಮೆಯಿದೆ. ರಿವಾಲ್ವರ್ ಬೇಕು ಎನ್ನುವುದು ವಿವೇಕ. ದೊಡ್ಡ ಬೋರೇ ಬೇಕು ಎನ್ನುವುದು ಭ್ರಮೆ. ಎರಡನ್ನೂ ಬೇರೆ ಮಾಡಿ ನೋಡದೆ ಇಂಥ ವ್ಯವಹಾರಕ್ಕೆ ಕೈ ಹಾಕಬಾರದು.

ತೆರೆದರೆ ಕಾಣುವ ಆಯುಧ

ದೊಡ್ಡ ಬೋರಿನ ಹಳೆಯ ರಿವಾಲ್ವರ್ ಎಂದರೆ ನಮ್ಮ ದೇಶದಲ್ಲಿ ಮೊದಲು ನೆನಪಾಗುವುದು ವೆಬ್ಲಿ. 1887ರಲ್ಲಿ ಬ್ರಿಟಿಷ್ ಸೇನೆ ಇದರ ಮೊದಲ ಮಾದರಿಯನ್ನು ಒಪ್ಪಿಕೊಂಡಿತು. ಮೊದಲ ಮಹಾಯುದ್ಧದ ನಡುವೆ, 1915ರಲ್ಲಿ, ಆರನೆಯ ಮಾದರಿ ಬಂತು. ಒಂದು ಕಿಲೋಗಿಂತ ಹೆಚ್ಚು ತೂಕ, ಆರು ಇಂಚಿನ ನಳಿಗೆ, .455 ಬೋರು. ಅದರ ಗುಂಡೊಂದೇ ಸುಮಾರು 17 ಗ್ರಾಂ ತೂಗುತ್ತದೆ. ಇಂದು ನಮ್ಮಲ್ಲಿ ಸಿಗುವ .32 ಪಿಸ್ತೂಲಿನ ಗುಂಡು ಐದು ಗ್ರಾಂ ಕೂಡ ತೂಗುವುದಿಲ್ಲ.

ಇದನ್ನು ತೆರೆಯುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಹಿಡಿಯ ಮೇಲ್ಗಡೆ, ಎಡಬದಿಯಲ್ಲಿ ಒಂದು ಸಣ್ಣ ಸನ್ನೆ. ಅದನ್ನು ಹೆಬ್ಬೆರಳಿನಿಂದ ಒತ್ತಿ ನಳಿಗೆಯನ್ನು ಕೆಳಕ್ಕೆ ಬಾಗಿಸಿದರೆ ಇಡೀ ಆಯುಧ ನಡುವಿನಲ್ಲಿ ಮಡಚಿಕೊಳ್ಳುತ್ತದೆ. ಮಡಚಿದಂತೆಲ್ಲ ಸಿಲಿಂಡರಿನ ಮಧ್ಯದಿಂದ ನಕ್ಷತ್ರದಾಕಾರದ ತಟ್ಟೆಯೊಂದು ಮೇಲೆದ್ದು ಆರೂ ತೋಟಾಗಳನ್ನು ಒಮ್ಮೆಗೇ ಹೊರಕ್ಕೆ ಎತ್ತುತ್ತದೆ. ಆಮೇಲೆ ಉಳಿಯುವುದು ಆರು ಖಾಲಿ ತೂತುಗಳು. ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುತ್ತದೆ. ಗುಂಡು ಇದೆಯೋ ಇಲ್ಲವೋ ಎಂಬ ಅನುಮಾನಕ್ಕೆ ಅಲ್ಲಿ ಜಾಗವೇ ಇಲ್ಲ.

ಸೆಮಿ-ಆಟೊಮ್ಯಾಟಿಕ್ ಪಿಸ್ತೂಲಿನ ಕಥೆ ಹಾಗಲ್ಲ. ಅದರ ಹಿಡಿಯೊಳಗಿನ ಮ್ಯಾಗಜಿನ್ ಹೊರಗೆಳೆದ ಮೇಲೂ ನಳಿಗೆಯ ಬುಡದ ಚೇಂಬರಿನಲ್ಲಿ ಒಂದು ಗುಂಡು ಕುಳಿತಿರಬಹುದು. ಮೇಲಿನ ಸ್ಲೈಡನ್ನು ಹಿಂದಕ್ಕೆಳೆದು, ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ನೋಡಿದ ಮೇಲಷ್ಟೇ ಅದು ಖಾಲಿ ಎನ್ನಬೇಕು. ‘ಮ್ಯಾಗಜಿನ್ ತೆಗೆದಿದ್ದೆ’ ಎಂಬ ನಂಬಿಕೆಯಿಂದಲೇ ಜಗತ್ತಿನ ಎಲ್ಲ ಕಡೆ ಮನೆಯೊಳಗಿನ ಅನಾಹುತಗಳು ನಡೆದಿವೆ. ದಿನವೂ ಅಭ್ಯಾಸ ಮಾಡುವ ಪೊಲೀಸರಿಗೆ, ಸೈನಿಕರಿಗೆ ಈ ಪರೀಕ್ಷೆ ಕೈಗೆ ಕೂತಿರುತ್ತದೆ. ವರ್ಷಕ್ಕೊಮ್ಮೆ ಬೀರುವಿನಿಂದ ಹೊರತೆಗೆದು ಎಣ್ಣೆ ಒರೆಸಿ ಮತ್ತೆ ಒಳಗಿಡುವ ರೈತನಿಗೆ, ವ್ಯಾಪಾರಿಗೆ ಅದು ಕೂತಿರುವುದಿಲ್ಲ.

ಇನ್ನೊಂದು ವ್ಯತ್ಯಾಸವೂ ಇದೆ. ರಿವಾಲ್ವರಿನಲ್ಲಿ ಒಂದು ತೋಟಾ ಸಿಡಿಯದಿದ್ದರೆ ಟ್ರಿಗರನ್ನು ಮತ್ತೊಮ್ಮೆ ಎಳೆದರೆ ಸಾಕು, ಸಿಲಿಂಡರ್ ತಿರುಗಿ ಮುಂದಿನ ತೋಟಾ ನಳಿಗೆಯ ನೇರಕ್ಕೆ ಬರುತ್ತದೆ. ಪಿಸ್ತೂಲಿನಲ್ಲಾದರೆ ಸ್ಲೈಡ್ ಎಳೆದು ಆ ತೋಟಾವನ್ನು ಹೊರಹಾಕಬೇಕು. ಗಾಬರಿಯ ಹೊತ್ತಿನಲ್ಲಿ ಅಭ್ಯಾಸವಿಲ್ಲದ ಕೈಗೆ ಅದು ಸುಲಭವಲ್ಲ. ಹ್ಯಾಮರ್ ಎತ್ತದೆ ಹೊಡೆಯುವಾಗ ರಿವಾಲ್ವರಿನ ಟ್ರಿಗರ್ ಗಟ್ಟಿ, ಅದರ ಎಳೆತವೂ ಉದ್ದ. ತಿಳಿಯದೆ ಬೆರಳು ತಾಗಿ ಹಾರುವ ಸಂಭವ ಅಷ್ಟರಮಟ್ಟಿಗೆ ಕಡಿಮೆ. ಮನೆಯಲ್ಲಿಡುವ ಆಯುಧಕ್ಕೆ ಇವೆಲ್ಲ ದೊಡ್ಡ ಗುಣಗಳು. ರಿವಾಲ್ವರಿನತ್ತ ವಾಲುವವರ ಮಾತಿನಲ್ಲಿ ನಾನು ಕಾಣುವ ವಿವೇಕ ಇದು.

ದೊಡ್ಡ ಬೋರಿಗೆ ಬಾಗಿಲು ಮುಚ್ಚಿದೆ

ಇನ್ನು ಭ್ರಮೆಯ ಮಾತು. ಭಾರತದಲ್ಲಿ ಸಾಮಾನ್ಯ ನಾಗರಿಕ .455 ವೆಬ್ಲಿಯನ್ನು ಕೊಳ್ಳುವಂತೆಯೇ ಇಲ್ಲ. ಸೇನೆ, ಪೊಲೀಸರ ತೋಟಾಗಳನ್ನು ಹಾರಿಸಬಲ್ಲ ಕೈಬಂದೂಕುಗಳನ್ನು ನಮ್ಮ ಆಯುಧ ನಿಯಮಗಳು ನಿಷೇಧಿತ ಬೋರಿನ ಪಟ್ಟಿಯಲ್ಲಿಟ್ಟಿವೆ. .455 ಅದರಲ್ಲಿದೆ, .380 ಇದೆ, 9 ಎಂಎಂ ಕೂಡ ಇದೆ. ಇವುಗಳ ಲೈಸೆನ್ಸ್ ಜಿಲ್ಲಾಧಿಕಾರಿಯ ಕೈಯಲ್ಲಿಲ್ಲ, ಅದು ಕೇಂದ್ರ ಗೃಹ ಸಚಿವಾಲಯದ ವ್ಯಾಪ್ತಿಯದು. ಹಾಗಾಗಿ ಸಾಮಾನ್ಯ ಲೈಸೆನ್ಸುದಾರನಿಗೆ ಪಿಸ್ತೂಲಾಗಲಿ ರಿವಾಲ್ವರಾಗಲಿ, ಸಿಗುವುದು ಹೆಚ್ಚಾಗಿ .32 ಬೋರಿನದೇ.

‘ನಮ್ಮ ತಾತನ ಕಾಲದ್ದು ಒಂದಿದೆ, ಕೊಡ್ತೀನಿ’ ಎಂದು ಯಾರಾದರೂ ದಾಖಲೆಯಿಲ್ಲದ ದೊಡ್ಡ ಬೋರಿನ ರಿವಾಲ್ವರ್ ಮುಂದಿಟ್ಟರೆ ಅದನ್ನು ಮುಟ್ಟಬಾರದು. ಆಯುಧ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ನಂತರ ನಿಷೇಧಿತ ಆಯುಧವನ್ನು ಅಕ್ರಮವಾಗಿ ಇಟ್ಟುಕೊಂಡವರಿಗೆ ಕನಿಷ್ಠ 7 ವರ್ಷ, ಗರಿಷ್ಠ 14 ವರ್ಷ ಸೆರೆವಾಸವಿದೆ. ಮನೆಯ ಹಿರಿಯರು ತೀರಿಕೊಂಡು ಟ್ರಂಕಿನಲ್ಲಿ ಅವರ ಆಯುಧ ಸಿಕ್ಕರೆ ಮಾಡಬೇಕಾದ ಕೆಲಸ ಒಂದೇ: ತಡಮಾಡದೆ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ, ಅಲ್ಲಿ ಅಥವಾ ಲೈಸೆನ್ಸ್ ಇರುವ ಅಂಗಡಿಯಲ್ಲಿ ಠೇವಣಿ ಇಡುವುದು. ವಾರಸುದಾರರು ಲೈಸೆನ್ಸಿಗೆ ಅರ್ಜಿ ಹಾಕಲು ಆಮೇಲೆ ದಾರಿಯಿದೆ.

ದೊಡ್ಡ ಬೋರಿಲ್ಲ ಎಂದು ಕೊರಗುವ ಅಗತ್ಯವೂ ಇಲ್ಲ. .455ನ್ನು ಹುಟ್ಟುಹಾಕಿದ ಬ್ರಿಟಿಷ್ ಸೇನೆಯೇ ಮೊದಲ ಯುದ್ಧದ ನಂತರ ಅದನ್ನು ಬಿಡಲು ಹೊರಟಿತು. ಅದರ ತೂಕ, ಅದರ ಒದೆತ ಹೊಸಬರಿಗೆ ಒಗ್ಗುತ್ತಿರಲಿಲ್ಲ. ಗುರಿ ಕಲಿಸಲು ಬಹಳ ಕಾಲ ಬೇಕಾಗುತ್ತಿತ್ತು. ಅದಕ್ಕೇ 1932ರಲ್ಲಿ .38 ಬೋರಿನ ಹಗುರವಾದ ಎನ್‌ಫೀಲ್ಡ್ ರಿವಾಲ್ವರ್ ಬಂತು. ಅಮೆರಿಕದ ಎಫ್‌ಬಿಐ ಕೂಡ ಇದೇ ದಾರಿಯಲ್ಲಿ ಸುತ್ತಿ ಬಂದಿದೆ. 1986ರಲ್ಲಿ ಮಯಾಮಿಯ ಗುಂಡಿನ ಕಾಳಗದಲ್ಲಿ ತನ್ನ ಇಬ್ಬರು ಏಜೆಂಟರನ್ನು ಕಳೆದುಕೊಂಡ ಮೇಲೆ ಅದು ದೊಡ್ಡ ತೋಟಾಗಳತ್ತ ಹೊರಳಿತು. 2014ರ ಹೊತ್ತಿಗೆ ಮತ್ತೆ 9 ಎಂಎಂ ಸಾಕು ಎಂಬ ತೀರ್ಮಾನಕ್ಕೆ ಬಂತು. ಗುಂಡು ಎಷ್ಟು ದೊಡ್ಡದು ಎನ್ನುವುದಕ್ಕಿಂತ ಅದು ಎಲ್ಲಿ ತಾಗುತ್ತದೆ ಎನ್ನುವುದೇ ಮುಖ್ಯ, ಒದೆತ ಕಡಿಮೆಯಿದ್ದರೆ ಗುರಿ ಹೆಚ್ಚು ನಿಲ್ಲುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ.

ಈ ಪಾಠ ಬುಕ್ಕಸಾಗರದ ನೆರೆಯಲ್ಲಿ ಆಳಿದವರಿಗೆ ಐದು ಶತಮಾನದ ಹಿಂದೆಯೇ ಗೊತ್ತಿತ್ತು. 1520ರ ರಾಯಚೂರು ಯುದ್ಧದಲ್ಲಿ ಬಿಜಾಪುರದ ಆದಿಲ್ ಶಾಹಿ ಸೇನೆಯ ಬಳಿ ಭಾರಿ ಫಿರಂಗಿಗಳಿದ್ದವು. ಅವನ್ನೆಲ್ಲ ಒಟ್ಟಿಗೆ ಹಾರಿಸಿ ಅವರು ವಿಜಯನಗರದ ಮುಂದಿನ ಸಾಲನ್ನು ಚದುರಿಸಿದರು. ಆದರೆ ಕೃಷ್ಣದೇವರಾಯ ಹಿಂದಿನ ಪಡೆಯನ್ನು ಒಗ್ಗೂಡಿಸಿ ನುಗ್ಗಿದಾಗ ಆ ಫಿರಂಗಿಗಳು ಉಪಯೋಗಕ್ಕೆ ಬರಲಿಲ್ಲ. ಆಮೇಲೆ ಕೋಟೆಗೆ ಮುತ್ತಿಗೆ ಹಾಕಿದಾಗ ಕ್ರಿಸ್ತೊವಾವ್ ದ ಫಿಗೆರೆದೊ ಎಂಬ ಪೋರ್ಚುಗೀಸನ ಜೊತೆ ಬಂದಿದ್ದ ಸಣ್ಣ ಗುಂಪು ತನ್ನ ಬಂದೂಕುಗಳಿಂದ ಗೋಡೆಯ ಮೇಲಿನ ಕಾವಲಿನವರನ್ನು ಒಬ್ಬೊಬ್ಬರನ್ನಾಗಿ ಗುರಿಯಿಟ್ಟು ಹೊಡೆಯಿತು. ಆ ಬಿಡುವಿನಲ್ಲಿ ರಾಯರ ಸೈನಿಕರು ಕೋಟೆಗೋಡೆಯ ಕಲ್ಲು ಕಿತ್ತರು. ವಿಜಯನಗರಕ್ಕೆ ಬಂದಿದ್ದ ನ್ಯೂನಿಜ್ ಇದನ್ನು ಬರೆದಿಟ್ಟಿದ್ದಾನೆ. ಫಿರಂಗಿಯ ಬಾಯಿ ಎಷ್ಟು ದೊಡ್ಡದಾದರೂ ಅಂದು ಗೆದ್ದದ್ದು ನೆಟ್ಟ ಗುರಿ.

ಕಾನ್ಪುರದ ವೆಬ್ಲಿ

ಹಳೆಯ ರಿವಾಲ್ವರಿನ ಗುಣವೂ ಬೇಕು, ಕಾನೂನಿನ ಒಳಗೂ ಇರಬೇಕು ಎನ್ನುವವರಿಗೆ ನಮ್ಮಲ್ಲೇ ಉತ್ತರವಿದೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾಗುತ್ತ ಬಂದಿರುವ .32 ರಿವಾಲ್ವರ್ ವೆಬ್ಲಿಯ ನಾಲ್ಕನೆಯ ಮಾದರಿಯ ವಂಶದ್ದೇ. ಅದೇ ಮಡಚುವ ನಳಿಗೆ, ಅದೇ ಮೇಲೇಳುವ ನಕ್ಷತ್ರ, ಅವೇ ಆರು ತೂತು. 2014ರಲ್ಲಿ ಅದೇ ಊರಿನಿಂದ ಸುಮಾರು ಅರ್ಧ ಕಿಲೋ ತೂಕದ ‘ನಿರ್ಭೀಕ್’ ಬಂತು. 2023ರಲ್ಲಿ ಬಂದ ‘ಪ್ರಬಲ್’ ರಿವಾಲ್ವರಿನ ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ. ವಿದೇಶಿ ಆಯುಧಗಳ ಆಮದು 1980ರ ದಶಕದಲ್ಲೇ ನಿಂತುಹೋಗಿದ್ದರಿಂದ ದೇಶದೊಳಗೆ ಆಗಲೇ ಇದ್ದ ಹಳೆಯ ವಿದೇಶಿ .32 ರಿವಾಲ್ವರುಗಳಿಗೆ ವಿಪರೀತ ಬೆಲೆ. ಹೆಸರಿಗೆ ಮರುಳಾಗಿ ಅವಕ್ಕೆ ಹಣ ಸುರಿಯುವ ಮುಂಚೆ ಸಿಲಿಂಡರ್ ಅಲುಗಾಡುತ್ತದೆಯೇ, ಮಡಚುವ ಕೀಲು ಸಡಿಲವಾಗಿದೆಯೇ, ನಳಿಗೆಯೊಳಗೆ ತುಕ್ಕಿನ ಗುಳಿ ಬಿದ್ದಿದೆಯೇ ಎಂದು ಬಲ್ಲವರಿಂದ ಪರೀಕ್ಷೆ ಮಾಡಿಸಬೇಕು.

ಇನ್ನೊಂದು ಎಚ್ಚರ. .32 ಎಂಬ ಹೆಸರು ಒಂದೇ ಆದರೂ ಪಿಸ್ತೂಲಿನ ತೋಟಾ ಬೇರೆ, ರಿವಾಲ್ವರಿನ ತೋಟಾ ಬೇರೆ. ರಿವಾಲ್ವರಿನದು ಉದ್ದ, ಬುಡದಲ್ಲಿ ಅಗಲವಾದ ಅಂಚಿದೆ, ಆ ಅಂಚೇ ಅದನ್ನು ತೂತಿನಲ್ಲಿ ನಿಲ್ಲಿಸುವುದು. ಪಿಸ್ತೂಲಿನದು ಗಿಡ್ಡ. ಆಯುಧ ಬದಲಿಸಿದ ಮೇಲೆ ಮನೆಯಲ್ಲಿ ಉಳಿದ ಹಳೆಯ ತೋಟಾಗಳನ್ನು ಲೆಕ್ಕ ಸಮೇತ ಅಂಗಡಿಗೆ ಒಪ್ಪಿಸಬೇಕು. ‘ಇದೂ ತರ್ಟಿಟೂ, ಅದೂ ತರ್ಟಿಟೂ’ ಎಂದು ತುರುಕಲು ಹೋಗಬಾರದು.

ಕೈಯಿಂದ ಕೈಗೆ ಅಲ್ಲ

ಎತ್ತು, ಎಮ್ಮೆ ಬದಲಿಸಿದಂತೆ ಸಂತೆಯಲ್ಲಿ ಮುಗಿಸುವ ವ್ಯವಹಾರ ಇದಲ್ಲ. ಲೈಸೆನ್ಸಿನಲ್ಲಿ ಆಯುಧದ ಬಗೆ, ಬೋರು, ನಂಬರು ಎಲ್ಲವೂ ನಮೂದಾಗಿರುತ್ತವೆ. ಆಯುಧ ಬದಲಾದರೆ ನಮೂದೂ ಬದಲಾಗಬೇಕು. ಅದಕ್ಕೆ ಬುಕ್ಕಸಾಗರದವರು ಹೋಗಬೇಕಾದದ್ದು ಹೊಸಪೇಟೆಯ ಡಿ.ಸಿ. ಆಫೀಸಿಗೆ. 2021ರಲ್ಲಿ ವಿಜಯನಗರ ಜಿಲ್ಲೆಯಾಗುವ ಮುಂಚೆ ಇದೇ ಕೆಲಸಕ್ಕೆ ಬಳ್ಳಾರಿಗೆ ಹೋಗಬೇಕಿತ್ತು. ಕಂಪ್ಲಿಯವರಿಗೆ, ಸಂಡೂರಿನವರಿಗೆ ಈಗಲೂ ಬಳ್ಳಾರಿಯೇ. ತನ್ನ ಆಯುಧವನ್ನು ಇನ್ನೊಬ್ಬ ಲೈಸೆನ್ಸುದಾರನಿಗೆ ಮಾರುವವನು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಇಲ್ಲವೇ ಠಾಣಾಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಿ 45 ದಿನ ಕಾಯಬೇಕೆಂದು 1959ರ ಆಯುಧ ಕಾಯ್ದೆಯೇ ಹೇಳುತ್ತದೆ. ಈ 45 ದಿನಗಳನ್ನು ಕಿರಿಕಿರಿ ಎಂದುಕೊಳ್ಳದೆ ಮತ್ತೊಮ್ಮೆ ಯೋಚಿಸಲು ಸಿಕ್ಕ ಅವಕಾಶ ಎಂದುಕೊಂಡರೆ ಒಳ್ಳೆಯದು.

ಒಬ್ಬರ ಬಳಿ ಇರಬಹುದಾದ ಆಯುಧಗಳ ಸಂಖ್ಯೆ 2019ರಲ್ಲಿ ಮೂರರಿಂದ ಎರಡಕ್ಕೆ ಇಳಿದಿದೆ, ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದೆ. ಮದುವೆ, ಜಾತ್ರೆ, ವಿಜಯೋತ್ಸವಗಳಲ್ಲಿ ಗಾಳಿಗೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಚುನಾವಣೆ ಬಂದಾಗ ಠಾಣೆಯಲ್ಲಿ ಆಯುಧ ಠೇವಣಿ ಇಡಬೇಕಾಗುವುದು ಎಲ್ಲರಿಗೂ ಗೊತ್ತಿರುವುದೇ.

ಕೊಂಡ ಮೇಲಿನ ಜೋಪಾನವೂ ಮುಖ್ಯ. ಕಾಲುವೆ ಬದಿಯ ತೋಟದ ಮನೆಯಲ್ಲಿ ತೇವ ಹೆಚ್ಚು. ಚರ್ಮದ ಚೀಲ ಚೆಂದ ಕಂಡರೂ ಅದು ತೇವ ಹೀರಿ ಹಿಡಿದಿಡುತ್ತದೆ, ತಿಂಗಳುಗಟ್ಟಲೆ ಅದರಲ್ಲಿಟ್ಟರೆ ಉಕ್ಕಿಗೆ ತುಕ್ಕು ಹತ್ತುತ್ತದೆ. ತೆಳುವಾಗಿ ಎಣ್ಣೆ ಒರೆಸಿ, ಒಣ ಬಟ್ಟೆಯಲ್ಲಿ ಸುತ್ತಿ, ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆಯಲ್ಲಿಡಬೇಕು. ತೋಟಾಗಳಿಗೆ ಬೇರೆ ಪೆಟ್ಟಿಗೆ, ಬೇರೆ ಬೀಗ. ಮಕ್ಕಳಿರುವ ಮನೆಯಲ್ಲಿ ಬೀಗದ ಕೈ ಎಲ್ಲಿದೆ ಎಂಬುದೂ ಅವರಿಗೆ ತಿಳಿಯಬಾರದು.

ಕರಡಿಗೆ ರಿವಾಲ್ವರ್ ಉತ್ತರವಲ್ಲ

ಕಡೆಯದಾಗಿ, ನಮ್ಮ ಸೀಮೆಯಲ್ಲಿ ದೊಡ್ಡ ಬೋರಿನ ಆಸೆಯ ಹಿಂದೆ ಬಹಳ ಸಲ ಕಾಡುಪ್ರಾಣಿಯ ಭಯವಿರುತ್ತದೆ. ದರೋಜಿ ಕರಡಿಧಾಮ 1994ರಲ್ಲಿ ಆಯಿತು. ಅಲ್ಲಿನ ಕರಡಿಗಳಿಗೆ ನಮ್ಮ ಹೊಲದ ಬದು ಗೊತ್ತಾಗುವುದಿಲ್ಲ. ಕರಡಿಯೂ ಚಿರತೆಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ, ಅವನ್ನು ಕೊಲ್ಲುವುದು ಅಪರಾಧ. ಕತ್ತಲಲ್ಲಿ ಎದುರಾದ ಕರಡಿಗೆ ಕೈಬಂದೂಕಿನಿಂದ ಹೊಡೆದರೆ ಅದು ಗಾಯಗೊಂಡು ಇನ್ನಷ್ಟು ಕೆರಳುತ್ತದೆ, ಅಷ್ಟೇ. ಬೆಳಕು, ಸದ್ದು, ಜೊತೆಗೊಬ್ಬರು, ಅರಣ್ಯ ಇಲಾಖೆಗೆ ಒಂದು ಫೋನು, ಇವೇ ತೋಟ ಕಾಯುವವನ ನಿಜವಾದ ರಕ್ಷಣೆ. ಸಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆ ಅರಸುಮಕ್ಕಳೆಲ್ಲ ಬೇಟೆಗೆ ಹೆಸರಾಗಿದ್ದ ಕಾಲದಿಂದ ಬಂದವರು. ಆದರೆ ಅವರನ್ನು ಜಗತ್ತು ಗುರುತಿಸಿದ್ದು ಕ್ಯಾಮೆರಾ ಹಿಡಿದು ತೆಗೆದ ವನ್ಯಜೀವಿ ಚಿತ್ರಗಳಿಂದ.

ಹಾಗಾದರೆ ಪಿಸ್ತೂಲು ಕೊಟ್ಟು ರಿವಾಲ್ವರ್ ತರಬೇಕೇ? ಪ್ರಾಣಭಯ ನಿಜವಾಗಿದ್ದು, ಲೈಸೆನ್ಸ್ ಸರಿಯಿದ್ದು, ಆಯುಧವನ್ನು ಅಪರೂಪಕ್ಕೆ ಮುಟ್ಟುವವರಾದರೆ, ತನ್ನ ಹೊಟ್ಟೆಯೊಳಗಿನದನ್ನು ಮುಚ್ಚಿಡದ .32 ರಿವಾಲ್ವರ್ ಒಳ್ಳೆಯ ಆಯ್ಕೆ ಎಂದೇ ನನ್ನ ಅಭಿಪ್ರಾಯ. ದೊಡ್ಡ ಬೋರಿನ ಠೀವಿಗಾಗಿ, ಊರವರ ಕಣ್ಣಿಗಾಗಿ ಬದಲಿಸುವುದಾದರೆ ಬೇಡ. ಇನ್ನು, ಲೈಸೆನ್ಸ್ ಪಡೆದಾಗ ಇದ್ದ ಭಯ ಈಗ ಇಲ್ಲವೆಂದು ಅನಿಸಿದವರಿಗೆ ಮೂರನೆಯ ದಾರಿಯೂ ಇದೆ. ಅದು ಆಯುಧವನ್ನು ಒಪ್ಪಿಸಿ ಲೈಸೆನ್ಸ್ ಹಿಂದಿರುಗಿಸುವುದು. ಈ ಮೂರರಲ್ಲಿ ಹೆಚ್ಚು ಧೈರ್ಯ ಬೇಡುವುದು ಅದೇ. ಅಷ್ಟು ಮಾಡಿದವರು ಮನೆಮಂದಿಗೆಲ್ಲ ನೆಮ್ಮದಿ ಕೊಟ್ಟಂತಾಗುತ್ತದೆ.