ಹತ್ತನೇ ತರಗತಿಯ ನಡುವೆ ವಿದೇಶಕ್ಕೆ ಹೊರಟರೆ ಮಕ್ಕಳ ಓದು ಏನಾಗುತ್ತದೆ?

ಕಂಪನಿಯಿಂದ ಇಂಗ್ಲೆಂಡಿಗೆ ಹೋಗುವ ಅವಕಾಶ ಬಂದಿದೆ, ಡಿಸೆಂಬರ್‌ನಲ್ಲೇ ಕೆಲಸಕ್ಕೆ ಸೇರಬೇಕು, ಮಗಳು ಮಾತ್ರ ಹತ್ತನೇ ತರಗತಿಯಲ್ಲಿದ್ದಾಳೆ. ಬೆಂಗಳೂರು, ಮೈಸೂರು, ಮಂಗಳೂರಿನ ಅನೇಕ ಮನೆಗಳಲ್ಲಿ ಇಂಥ ಸನ್ನಿವೇಶ ಎದುರಾಗುತ್ತದೆ. ಆಗ ಬರುವ ಸಲಹೆಗಳು ಎರಡು ಬಗೆ. "ಮಕ್ಕಳು ಎಲ್ಲಿ ಹೋದರೂ ಹೊಂದಿಕೊಳ್ಳುತ್ತಾರೆ, ಕರೆದುಕೊಂಡು ಹೋಗಿ" ಎನ್ನುವವರು ಕೆಲವರು. "ಅಯ್ಯೋ, ಹತ್ತನೇ ಕ್ಲಾಸು! ಒಂದು ವರ್ಷ ಹಾಳಾಗುತ್ತೆ" ಎನ್ನುವವರು ಇನ್ನು ಕೆಲವರು.

ಎರಡೂ ಅರ್ಧ ಸತ್ಯಗಳೇ. ಮಗು ಎಷ್ಟು ಜಾಣೆ ಎನ್ನುವುದಕ್ಕಿಂತ, ಎರಡೂ ದೇಶಗಳ ಶಾಲಾ ಕ್ಯಾಲೆಂಡರ್‌ನಲ್ಲಿ ಯಾವ ತಿಂಗಳು ಹೊರಡುತ್ತೀರಿ ಎನ್ನುವುದೇ ಇಲ್ಲಿ ಹೆಚ್ಚು ಮುಖ್ಯ. ಹೇಗೆ ಎನ್ನುವುದನ್ನು ಇಂಗ್ಲೆಂಡಿನ ಉದಾಹರಣೆ ಇಟ್ಟುಕೊಂಡು ನೋಡೋಣ.

ಪರೀಕ್ಷೆಯ "ವರ್ಷ" ನಿಜಕ್ಕೂ ಎರಡು ವರ್ಷ

ಇಂಗ್ಲೆಂಡಿನಲ್ಲಿ ನಮ್ಮ ಹತ್ತನೇ ತರಗತಿಗೆ ಹತ್ತಿರದ ಪರೀಕ್ಷೆ ಜಿಸಿಎಸ್‌ಇ. ಅದು 'ಇಯರ್ 10' ಮತ್ತು 'ಇಯರ್ 11' ಸೇರಿ ಎರಡು ವರ್ಷದ ಓದು. ಮುಖ್ಯ ಪರೀಕ್ಷೆಗಳು ಇಯರ್ 11ರ ಕೊನೆಯಲ್ಲಿ, ಮೇ ಮತ್ತು ಜೂನ್‌ನಲ್ಲಿ ನಡೆಯುತ್ತವೆ.

ಅಲ್ಲಿ ಮಕ್ಕಳನ್ನು ಸಾಮಾನ್ಯವಾಗಿ ವಯಸ್ಸಿನ ಪ್ರಕಾರ ತರಗತಿಗೆ ಸೇರಿಸುತ್ತಾರೆ. ಲೆಕ್ಕಕ್ಕೆ ಬರುವ ದಿನ ಆಗಸ್ಟ್ 31. ಬರುವ ಆಗಸ್ಟ್ 31ರೊಳಗೆ ನಿಮ್ಮ ಮಗಳಿಗೆ 16 ತುಂಬುವುದಾದರೆ ಅವಳ ಜಾಗ ಇಯರ್ 11. ಡಿಸೆಂಬರ್ ಕೊನೆಗೆ ಹೋದರೆ, ಎರಡು ವರ್ಷದ ಪಾಠಕ್ಕೆ ಅವಳ ಕೈಯಲ್ಲಿ ಉಳಿಯುವುದು ನಾಲ್ಕೈದು ತಿಂಗಳು. ಅದೇ ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿ 16 ತುಂಬುವುದಾದರೆ ಅವಳು ಇಯರ್ 10ಕ್ಕೆ ಸೇರುತ್ತಾಳೆ. ಪರೀಕ್ಷೆಗೆ ಒಂದು ವರ್ಷಕ್ಕಿಂತ ಹೆಚ್ಚು ಸಮಯ ಇರುತ್ತದೆ, ಹೆಚ್ಚುಕಡಿಮೆ ಒಂದು ಟರ್ಮಿನ ಪಾಠ ಮಾತ್ರ ತಪ್ಪಿರುತ್ತದೆ. ಒಂದೇ ಬೆಂಚಿನಲ್ಲಿ ಕೂರುವ ಇಬ್ಬರು ಗೆಳತಿಯರಿಗೆ ಒಂದೇ ನಿರ್ಧಾರ ಸರಿಹೋಗದಿರುವುದು ಹೀಗೆ.

"ಗಣಿತ, ವಿಜ್ಞಾನ ಎಲ್ಲ ಕಡೆ ಒಂದೇ ಅಲ್ಲವೇ?" ಎಂದು ನೀವು ಕೇಳಬಹುದು. ಬಹುಮಟ್ಟಿಗೆ ಹೌದು. ಆದರೆ ಜಿಸಿಎಸ್‌ಇ ಇಂಗ್ಲಿಷ್ ಸಾಹಿತ್ಯದಲ್ಲಿ ಶೇಕ್ಸ್‌ಪಿಯರ್‌ನ ಒಂದು ನಾಟಕ, 19ನೇ ಶತಮಾನದ ಒಂದು ಕಾದಂಬರಿ, ಆಯ್ದ ಕವಿತೆಗಳು ಇರುತ್ತವೆ. ಪುಸ್ತಕ ನೋಡದೆಯೇ ಅವುಗಳ ಬಗ್ಗೆ ಪ್ರಬಂಧ ಬರೆಯಬೇಕು. ಎಕ್ಯೂಎ, ಎಡೆಕ್ಸೆಲ್, ಒಸಿಆರ್ ಎಂಬ ಬೇರೆ ಬೇರೆ ಪರೀಕ್ಷಾ ಮಂಡಳಿಗಳಿರುವುದರಿಂದ ಪಕ್ಕದ ಶಾಲೆಯ ಪಠ್ಯವೂ ಬೇರೆ ಇರಬಹುದು. ಇದನ್ನೆಲ್ಲ ಕೆಲವೇ ತಿಂಗಳಲ್ಲಿ ಮುಗಿಸುವುದು ಜಾಣ ವಿದ್ಯಾರ್ಥಿಗೂ ಕಷ್ಟ.

ನಮ್ಮಲ್ಲೂ ಹೀಗೆಯೇ. ಸಿಬಿಎಸ್‌ಇ 9 ಮತ್ತು 10ನ್ನು ಒಂದು ಜೋಡಿಯಾಗಿ, 11 ಮತ್ತು 12ನ್ನು ಇನ್ನೊಂದು ಜೋಡಿಯಾಗಿ ನೋಡುತ್ತದೆ. ಬೋರ್ಡಿನ ನೋಂದಣಿ 9 ಮತ್ತು 11ರಲ್ಲೇ ಆಗುತ್ತದೆ. "ಅಲ್ಲಿ ಸರಿಹೋಗದಿದ್ದರೆ ವಾಪಸ್ ಬಂದು ಇಲ್ಲೇ ಹತ್ತನೇ ತರಗತಿಗೆ ಸೇರಿದರಾಯಿತು" ಎನ್ನುವುದು ಅಂದುಕೊಂಡಷ್ಟು ಸುಲಭವಲ್ಲ.

ಎಲ್ಲ ದೇಶಗಳೂ ಇಂಗ್ಲೆಂಡಿನಂತೆ ಇಲ್ಲ. ದುಬೈ, ಮಸ್ಕತ್, ದೋಹಾಗಳಲ್ಲಿ ಸಿಬಿಎಸ್‌ಇ ಶಾಲೆಗಳೇ ಇರುವುದರಿಂದ ಪಠ್ಯ ಬದಲಾಗದು. ಅಮೆರಿಕದಲ್ಲಿ ಹತ್ತನೇ ತರಗತಿಗೆ ರಾಷ್ಟ್ರಮಟ್ಟದ ಬೋರ್ಡ್ ಪರೀಕ್ಷೆ ಇಲ್ಲ. 9ರಿಂದ 12ರವರೆಗಿನ ಅಂಕ ಮತ್ತು ಕ್ರೆಡಿಟ್‌ಗಳು ಸೇರುತ್ತಾ ಹೋಗುತ್ತವೆ. ಆಸ್ಟ್ರೇಲಿಯಾದಲ್ಲಿ ಶಾಲೆ ಶುರುವಾಗುವುದೇ ಜನವರಿ ಕೊನೆಯ ಹೊತ್ತಿಗೆ.

"ಒಂದು ವರ್ಷ ಹಾಳು" ಎನ್ನುವುದು ನಿಜವೇ?

ಕ್ಯಾಲೆಂಡರ್ ಎದುರಿಗಿಟ್ಟು ನೋಡಿ. ನಮ್ಮ ಹತ್ತನೇ ತರಗತಿಯ ಪರೀಕ್ಷೆ ಫೆಬ್ರವರಿಯಿಂದ ಏಪ್ರಿಲ್ ನಡುವೆ ಮುಗಿಯುತ್ತದೆ. ಇಂಗ್ಲೆಂಡಿನ ಶಾಲಾ ವರ್ಷ ಶುರುವಾಗುವುದು ಸೆಪ್ಟೆಂಬರ್‌ನಲ್ಲಿ. ಅಂದರೆ ಇಲ್ಲಿ ಪರೀಕ್ಷೆ ಮುಗಿಸಿ ಹೊರಟರೂ ಮಗಳು ಹೊಸ ವರ್ಷದ ಮೊದಲ ದಿನವೇ ತರಗತಿಯಲ್ಲಿ ಇರಬಹುದು. ಆಗಸ್ಟ್ 31ರೊಳಗೆ 16 ತುಂಬಿದ್ದರೆ ಅವಳು ಎ-ಲೆವೆಲ್‌ನ ಮೊದಲ ವರ್ಷವಾದ ಇಯರ್ 12ಕ್ಕೆ ಪ್ರಯತ್ನಿಸಬಹುದು. ಪ್ರವೇಶ ಆಯಾ ಶಾಲೆ ಅಥವಾ ಕಾಲೇಜಿನ ಕೈಯಲ್ಲಿರುತ್ತದೆ. ಭಾರತದ ಅಂಕಪಟ್ಟಿ ಯಾವ ಮಟ್ಟಕ್ಕೆ ಸಮ ಎಂದು ತಿಳಿಸುವ ಪತ್ರವನ್ನು ಯುಕೆ ಎನಿಕ್ ಸಂಸ್ಥೆ ಕೊಡುತ್ತದೆ. ಜಿಸಿಎಸ್‌ಇ ಇಂಗ್ಲಿಷ್ ಮತ್ತು ಗಣಿತವನ್ನು ಎ-ಲೆವೆಲ್ ಜೊತೆಗೇ ಓದಬೇಕಾಗಬಹುದು ಎನ್ನುವುದನ್ನೂ ಮೊದಲೇ ಕೇಳಿಕೊಳ್ಳಿ.

ಇಲ್ಲೇ ಪರೀಕ್ಷೆ ಮುಗಿಸುವುದರಿಂದ ಇನ್ನೊಂದು ಲಾಭವಿದೆ. ಒಂದನೇ ತರಗತಿಯಿಂದ ಹನ್ನೆರಡರೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿ, ಹತ್ತನೇ ಅಥವಾ ಹನ್ನೆರಡನೇ ತರಗತಿಯನ್ನು ಇಲ್ಲಿಯೇ ಪಾಸಾಗಿರಬೇಕು ಎನ್ನುವುದು ಸಿಇಟಿ ಸೀಟಿನ ಪ್ರಮುಖ ಅರ್ಹತಾ ನಿಯಮಗಳಲ್ಲಿ ಒಂದು. ಮುಂದೆ ಕುಟುಂಬ ವಾಪಸ್ ಬಂದರೆ, ಹತ್ತನೇ ತರಗತಿಯನ್ನು ಇಲ್ಲಿ ಪಾಸು ಮಾಡಿದ್ದು ಉಪಯೋಗಕ್ಕೆ ಬರುತ್ತದೆ.

ಹಾಗಾಗಿ ಅಪ್ಪ ಅಥವಾ ಅಮ್ಮ ಮೊದಲು ಹೋಗಿ, ಉಳಿದವರು ಪರೀಕ್ಷೆಯ ನಂತರ ಸೇರಿಕೊಳ್ಳುವುದು ಅನೇಕರಿಗೆ ಸರಿಹೊಂದುವ ದಾರಿ. ಪಿಯುಸಿ ಮಕ್ಕಳಿದ್ದರೆ ಒಂದು ಎಚ್ಚರಿಕೆ: ಬ್ರಿಟನ್ನಿನ ಡಿಪೆಂಡೆಂಟ್ ವೀಸಾಕ್ಕೆ ಮಕ್ಕಳು ಮೊದಲ ಅರ್ಜಿ ಹಾಕುವಾಗ ಸಾಮಾನ್ಯವಾಗಿ 18 ದಾಟಿರಬಾರದು.

"ಈಗ ಹೋಗಿ, ಪರೀಕ್ಷೆಗೆ ಮಾತ್ರ ಬಂದರೆ?"

ಇದಕ್ಕೆ ಎರಡು ಅಡ್ಡಿಗಳಿವೆ. ಮೊದಲನೆಯದು ಹಾಜರಾತಿ. ಸಿಬಿಎಸ್‌ಇ ಪರೀಕ್ಷೆಗೆ ಕೂರಲು ಶೇ 75 ಹಾಜರಾತಿ ಬೇಕು. ಎರಡನೆಯದು ನಮ್ಮ ದೇಹದೊಳಗಿನ ಗಡಿಯಾರ. ಚಳಿಗಾಲದಲ್ಲಿ ಭಾರತ ಮತ್ತು ಇಂಗ್ಲೆಂಡ್ ನಡುವೆ ಐದೂವರೆ ಗಂಟೆ ವ್ಯತ್ಯಾಸವಿದೆ. ಇಲ್ಲಿ ಬೆಳಿಗ್ಗೆ 10:30ಕ್ಕೆ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಲಂಡನ್ನಿನಲ್ಲಿ ಬೆಳಗಿನ ಜಾವ 5 ಗಂಟೆ. ಹದಿಹರೆಯದಲ್ಲಿ ಈ ಗಡಿಯಾರ ಸಹಜವಾಗಿಯೇ ತಡವಾಗಿ ಓಡುತ್ತದೆ. ಆ ವಯಸ್ಸಿನವರಿಗೆ ರಾತ್ರಿ ಬೇಗ ನಿದ್ದೆ ಬಾರದಿರುವುದು ಬರೀ ಮೊಬೈಲ್‌ನಿಂದಲ್ಲ. ಪೂರ್ವಕ್ಕೆ ಹಾರಿದಾಗ ಗಡಿಯಾರವನ್ನು ಮುಂದಕ್ಕೆ ತಳ್ಳಬೇಕಾಗುತ್ತದೆ, ದೇಹಕ್ಕೆ ಅದೇ ಹೆಚ್ಚು ಕಷ್ಟ. ಒಂದು ಗಂಟೆಯ ವ್ಯತ್ಯಾಸಕ್ಕೆ ಸುಮಾರು ಒಂದು ದಿನ ಬೇಕು ಎನ್ನುವುದು ಅಂದಾಜು. ಬರಲೇಬೇಕಾದರೆ ಕನಿಷ್ಠ ಒಂದು ವಾರ ಮೊದಲೇ ಬನ್ನಿ, ಬೆಳಗಿನ ಬಿಸಿಲಿನಲ್ಲಿ ಓಡಾಡಿಸಿ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಎನ್ನುವುದನ್ನು ಮರೆಯಬೇಡಿ.

"ಇಂಗ್ಲಿಷ್ ಮೀಡಿಯಂ ಅಲ್ಲವೇ, ಭಾಷೆಯ ಚಿಂತೆ ಯಾಕೆ?"

ಭಾಷಾ ಶಿಕ್ಷಣದ ಸಂಶೋಧಕ ಜಿಮ್ ಕಮಿನ್ಸ್ 1979ರಲ್ಲೇ ಒಂದು ಮುಖ್ಯ ವ್ಯತ್ಯಾಸವನ್ನು ಗುರುತಿಸಿದರು. ಆಟ, ಹರಟೆಗೆ ಬೇಕಾಗುವ ಭಾಷೆ ಬೇರೆ, ತರಗತಿಯಲ್ಲಿ ವಾದ ಕಟ್ಟಿ ಬರೆಯಲು ಬೇಕಾಗುವ ಭಾಷೆ ಬೇರೆ. ಹೊಸ ಭಾಷೆಯಲ್ಲಿ ಮೊದಲನೆಯದು ಸುಮಾರು 2 ವರ್ಷದಲ್ಲಿ ಬಂದರೆ, ಎರಡನೆಯದಕ್ಕೆ 5ರಿಂದ 7 ವರ್ಷ ಬೇಕಾಗಬಹುದು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ ಇಷ್ಟು ಕಾಲ ಬೇಕಿಲ್ಲ. ಆದರೂ ಉಚ್ಚಾರಣೆ ಬೇರೆ, ಉತ್ತರ ಬರೆಯುವ ರೀತಿಯೂ ಬೇರೆ. ಫ್ರಾನ್ಸ್ ಅಥವಾ ಜರ್ಮನಿಯ ಸ್ಥಳೀಯ ಶಾಲೆಗೆ ಸೇರಿಸುವುದಾದರೆ ಈ ಲೆಕ್ಕ ಪೂರ್ತಿ ಅನ್ವಯಿಸುತ್ತದೆ. ಬೇಗ ಮಾತಾಡಲು ಕಲಿತಳು ಎಂದ ಮಾತ್ರಕ್ಕೆ ಪರೀಕ್ಷೆಗೂ ಸಿದ್ಧಳಾದಳು ಎಂದಲ್ಲ.

ಜಾಗ ಬದಲಾದರೆ ಓದಿದ್ದು ಮರೆಯುತ್ತದೆಯೇ?

ಈ ನಂಬಿಕೆಗೆ 1975ರ ಒಂದು ಪ್ರಸಿದ್ಧ ಪ್ರಯೋಗದ ಬೆಂಬಲವಿತ್ತು. ನೀರಿನಡಿ ಪದಗಳನ್ನು ಕಲಿತ ಮುಳುಗುಗಾರರಿಗೆ ಅವು ನೀರಿನಡಿಯಲ್ಲೇ ಹೆಚ್ಚು ನೆನಪಾದವು. ಆದರೆ 2021ರಲ್ಲಿ ಪ್ರಕಟವಾದ ಮರುಪ್ರಯೋಗದಲ್ಲಿ ಆ ಫಲಿತಾಂಶ ಸಿಗಲಿಲ್ಲ. ನೆನಪಿಗೆ ಹೆಚ್ಚು ನೆರವಾಗುವುದು ಓದುವ ಕೋಣೆಯಲ್ಲ, ಓದುವ ವಿಧಾನ. ಓದಿದ್ದನ್ನೇ ಮತ್ತೆ ಓದುವುದಕ್ಕಿಂತ, ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದರೆ ಹೆಚ್ಚು ದಿನ ಉಳಿಯುತ್ತದೆ ಎಂದು ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದರು. ಅರ್ಧ ಮನೆ ಪೆಟ್ಟಿಗೆಗಳಲ್ಲಿ ಇದ್ದಾಗಲೂ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಲು ಒಂದು ಮೇಜು ಸಾಕು. ಆ ಮೇಜನ್ನು ಮಾತ್ರ ಕೊನೆಗೆ ಪ್ಯಾಕ್ ಮಾಡಿ.

ಹೊಂದಿಕೊಳ್ಳುತ್ತಾರೆ, ಆದರೆ...

ಡೆನ್ಮಾರ್ಕ್‌ನಲ್ಲಿ 1971ರಿಂದ 1997ರ ನಡುವೆ ಹುಟ್ಟಿದವರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಚಿಕ್ಕಂದಿನಲ್ಲಿ ಊರು ಬದಲಿಸಿದವರಿಗಿಂತ ಹದಿಹರೆಯದ ಆರಂಭದಲ್ಲಿ ಬದಲಿಸಿದವರಲ್ಲಿ ಮುಂದೆ ಮಾನಸಿಕ ತೊಂದರೆಗಳು ಹೆಚ್ಚು ಕಂಡುಬಂದವು. ಅದು ಆ ದೇಶದೊಳಗಿನ ಸ್ಥಳಾಂತರದ ಅಧ್ಯಯನ, ಸ್ಥಳಾಂತರವೇ ಕಾರಣ ಎಂದೂ ಅದು ಸಾಬೀತು ಮಾಡುವುದಿಲ್ಲ. ಆದರೂ ಒಂದು ಸಂಗತಿ ಗಮನಿಸಬೇಕು. ಐದು ವರ್ಷದ ಮಗುವಿಗೆ ಅಪ್ಪ ಅಮ್ಮ ಇದ್ದಲ್ಲೇ ಮನೆ. ಹದಿನೈದರ ವಯಸ್ಸಿನಲ್ಲಿ ಸ್ನೇಹಿತರೇ ಅರ್ಧ ಲೋಕ.

ಆದ್ದರಿಂದ ನಿರ್ಧಾರ ಆದ ಮೇಲೆ ತಿಳಿಸುವ ಬದಲು, ನಿರ್ಧರಿಸುವಾಗಲೇ ಮಗಳನ್ನು ಜೊತೆಗೆ ಕೂರಿಸಿಕೊಳ್ಳಿ. ನಿದ್ದೆ, ಊಟ, ಮಾತು ಎರಡು ವಾರಕ್ಕಿಂತ ಹೆಚ್ಚು ಕಾಲ ಕಡಿಮೆಯಾಗಿದ್ದರೆ "ಪರೀಕ್ಷೆಯ ಟೆನ್ಶನ್" ಎಂದು ಸುಮ್ಮನಿರದೆ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ.

ಟಿಕೆಟ್ ತೆಗೆಯುವ ಮೊದಲು

ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ.

1. ಅಲ್ಲಿನ ಶಾಲಾ ವರ್ಷ ಯಾವ ತಿಂಗಳು ಶುರುವಾಗುತ್ತದೆ? ಹುಟ್ಟಿದ ದಿನಾಂಕದ ಪ್ರಕಾರ ಮಗು ಯಾವ ತರಗತಿಗೆ ಸೇರುತ್ತದೆ?
2. ಆ ತರಗತಿಯಿಂದ ದೊಡ್ಡ ಪರೀಕ್ಷೆಗೆ ಎಷ್ಟು ತಿಂಗಳಿದೆ?
3. ವಾಪಸ್ ಬರುವುದಾದರೆ ಇಲ್ಲಿನ ಬೋರ್ಡ್ ಮತ್ತು ಸಿಇಟಿ ನಿಯಮ ಏನು?
4. 9ನೇ ತರಗತಿಯಿಂದ ಈಚಿನ ಅಂಕಪಟ್ಟಿಗಳು, ಟಿಸಿ, ಶಾಲೆಯ ಪತ್ರ ಕೈಯಲ್ಲಿವೆಯೇ?

ಎರಡನೇ ಪ್ರಶ್ನೆಗೆ ಉತ್ತರ ಆರು ತಿಂಗಳಿಗಿಂತ ಕಡಿಮೆ ಇದ್ದರೆ, ಕೆಲಸಕ್ಕೆ ಸೇರುವ ದಿನಾಂಕವನ್ನು ಮುಂದೂಡಲು ಸಾಧ್ಯವೇ ಎಂದು ಕಂಪನಿಯನ್ನು ಕೇಳಿ. ಅದಾಗದಿದ್ದರೆ ಒಬ್ಬರು ಮೊದಲು ಹೋಗಿ. ನಾಲ್ಕೈದು ತಿಂಗಳ ಅಗಲಿಕೆ ಮನೆಯವರಿಗೆಲ್ಲ ಕಷ್ಟವೇ. ಆದರೆ ಅದಕ್ಕೊಂದು ಕೊನೆಯ ದಿನಾಂಕ ಇರುತ್ತದೆ, ಮತ್ತು ಆ ದಿನಾಂಕ ಮಗಳಿಗೂ ಗೊತ್ತಿರುತ್ತದೆ.